ಗಾಯ ಮಾಗಿದ ಮೇಲೂ ಕಾಲು ಯಾಕೆ ಹಿಂಜರಿಯುತ್ತದೆ?

ಭಯಕ್ಕೂ ಅಳತೆಗೋಲಿದೆ! ಕಾಗದದ ಮೇಲೆ ನೂರು ಮಿಲಿಮೀಟರ್ ಉದ್ದದ ಒಂದು ಗೆರೆ. ಎಡತುದಿಯೆಂದರೆ ಚೂರೂ ಅಳುಕಿಲ್ಲ. ಬಲತುದಿಯೆಂದರೆ ಇದಕ್ಕಿಂತ ಹೆಚ್ಚು ಅಳುಕಲು ಸಾಧ್ಯವೇ ಇಲ್ಲ. ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಹರಿದುಕೊಂಡು ಚೇತರಿಸಿಕೊಂಡಿದ್ದ ಹನ್ನೊಂದು ಮಂದಿ ಕ್ರೀಡಾಪಟುಗಳ ಮುಂದೆ ಸ್ವೀಡನ್ನಿನ ಸಂಶೋಧಕ ಕಾರ್ಲ್ ಆಸ್ಕ್ಲಿಂಗ್ ಮತ್ತು ಸಂಗಡಿಗರು ಇಂಥದೊಂದು ಗೆರೆ ಇಟ್ಟರು. ಮಾಮೂಲಿ ತಪಾಸಣೆಯಲ್ಲಿ ಅವರಲ್ಲಿ ಗಾಯದ ಕುರುಹೇ ಉಳಿದಿರಲಿಲ್ಲ. ಆಮೇಲೆ ಅವರನ್ನು ಅಂಗಾತ ಮಲಗಿಸಿ, ಮಂಡಿ ಮಡಚದಂತೆ ಪಟ್ಟಿ ಕಟ್ಟಿ, ಕಾಲನ್ನು ಆದಷ್ಟು ವೇಗವಾಗಿ ಮೇಲಕ್ಕೆ ಎಸೆಯಲು ಹೇಳಿದರು. ಎಸೆಯುವಾಗ ಎಷ್ಟು ಅಳುಕಾಯಿತು ಅಂತ ಗೆರೆಯ ಮೇಲೆ ಗುರುತು ಮಾಡಬೇಕು. ಗಾಯವಾಗದ ಕಾಲಿಗೆ ಸೊನ್ನೆ. ಗಾಯವಾಗಿದ್ದ ಕಾಲಿಗೆ ಸರಾಸರಿ ಐವತ್ತರ ಆಸುಪಾಸು!

2010ರಲ್ಲಿ ಪ್ರಕಟವಾದ ಈ ಪುಟ್ಟ ಅಧ್ಯಯನವನ್ನು ಓದಿದಾಗ ಕುರ್ಚಿಯಲ್ಲಿ ಕೂರಲಾಗದೆ ಎದ್ದು ಓಡಾಡಿದೆ. ಯಾಕೆಂದರೆ ಅದರಲ್ಲಿ ನನ್ನ ಬಲಗಾಲಿನ ಕಥೆ ಇತ್ತು.

ನಾನು ಕರಾಟೆ ಕಲಿಯುವವನು. ಬಲತೊಡೆಯ ಹಿಂದೆ, ಪೃಷ್ಠದ ಮಡಿಕೆಗಿಂತ ಸ್ವಲ್ಪ ಕೆಳಗೆ, ಒಂದು ಜಾಗ ಮತ್ತೆ ಮತ್ತೆ ಕೈಕೊಡುತ್ತಿತ್ತು. ಹಿಡಿದುಕೊಳ್ಳುವುದು, ವಿಶ್ರಾಂತಿ, ವಾಸಿ, ತರಗತಿಗೆ ವಾಪಸು, ಮತ್ತೆ ಅಲ್ಲೇ ಹಿಡಿದುಕೊಳ್ಳುವುದು. ಕೊನೆಗೊಂದು ಹಂತದಲ್ಲಿ ನೋವು ಪೂರ್ತಿ ಹೋಯಿತು, ಮೆಟ್ಟಿಲು ಹತ್ತಿದರೂ ಇಲ್ಲ, ಓಡಿದರೂ ಇಲ್ಲ. ಆದರೆ ಮಾಯೆ ಗೇರಿಗೆ, ಅದೇ ನೇರ ಮುಂದಕ್ಕೆ ಒದೆಯುವ ಕಿಕ್‌ಗೆ, ಮಂಡಿ ಎತ್ತಿದ ಕೂಡಲೇ ಉಸಿರು ಗಂಟಲಲ್ಲಿ ನಿಲ್ಲುತ್ತಿತ್ತು. ಎದೆ ಮಟ್ಟಕ್ಕೆ ಹೊರಟ ಕಾಲು ನನ್ನನ್ನು ಕೇಳದೆಯೇ ಹೊಟ್ಟೆ ಮಟ್ಟಕ್ಕೆ ಇಳಿದುಬಿಡುತ್ತಿತ್ತು. ಇದನ್ನು ಮನಸ್ಸಿನ ದೌರ್ಬಲ್ಯ ಅನ್ನುವವರೇ ಜಾಸ್ತಿ. ಶಂಕರ್‌ನಾಗ್ ಅವರನ್ನು ‘ಕರಾಟೆ ಕಿಂಗ್’ ಎಂದು ಎತ್ತಿಕೊಂಡಾಡಿದ ನಾಡು ನಮ್ಮದು. ಇವತ್ತಿಗೂ ಬಡಾವಣೆ ಬಡಾವಣೆಗಳಲ್ಲಿ, ಶಾಲೆಯ ಮೈದಾನದಲ್ಲಿ, ಸಮುದಾಯ ಭವನದ ಮೇಲ್ಮಹಡಿಯಲ್ಲಿ ಬಿಳಿ ಬಟ್ಟೆ ತೊಟ್ಟವರ ಸಾಲು ಬೆಳಗ್ಗೆ ಬೆಳಗ್ಗೆಯೇ ನಿಂತಿರುತ್ತದೆ. ಆ ಸಾಲಿನಿಂದ ಸದ್ದಿಲ್ಲದೆ ಮಾಯವಾದವರನ್ನು ನಾನು ಬಲ್ಲೆ. ಅವರು ನೋವಿಗೆ ಹೆದರಿ ಹೋದವರಲ್ಲ, ನೋವು ಹೋದ ಮೇಲೂ ಉಳಿದದ್ದು ಏನು ಅಂತ ಯಾರೂ ಹೇಳದೇ ಇದ್ದದ್ದಕ್ಕೆ ಹೋದವರು.

ಏನು ಉಳಿದಿರುತ್ತದೆ? ಇಲ್ಲಿಂದ ಶುರುವಾಗುತ್ತದೆ ಬೆರಗು.

ಮೊದಲು ಆ ಸ್ನಾಯುವಿನ ಕೆಲಸ ನೋಡಿ. ನಾವು ಕುಳಿತಾಗ ನೆಲಕ್ಕೆ ಊರುವ ಮೂಳೆಯಿಂದ ಹೊರಟು, ತೊಡೆಯ ಹಿಂದೆ ಇಳಿದು, ಮಂಡಿಯನ್ನೂ ದಾಟಿ ಕೆಳಗಾಲಿಗೆ ಅಂಟಿಕೊಳ್ಳುತ್ತದೆ ಹ್ಯಾಮ್‌ಸ್ಟ್ರಿಂಗ್. ಎರಡು ಕೀಲುಗಳನ್ನು ದಾಟುವ ಸ್ನಾಯು ಇದು. ಕಿಕ್ ಹೊಡೆಯುವಾಗ ಸೊಂಟದ ಬಳಿ ತೊಡೆ ಮೇಲೇಳುತ್ತದೆ: ಸ್ನಾಯು ಮೇಲ್ತುದಿಯಿಂದ ಎಳೆಯಲ್ಪಡುತ್ತದೆ. ಅದೇ ಗಳಿಗೆಯಲ್ಲಿ ಮಂಡಿ ಬಿಚ್ಚಿಕೊಂಡು ಕೆಳಗಾಲು ಮುಂದಕ್ಕೆ ಚಿಮ್ಮುತ್ತದೆ: ಸ್ನಾಯು ಕೆಳತುದಿಯಿಂದಲೂ ಎಳೆಯಲ್ಪಡುತ್ತದೆ. ಇಷ್ಟಾಗುವಾಗ ಅದು ಸುಮ್ಮನೆ ಹಿಗ್ಗಿ ಕೂತಿರುವಂತಿಲ್ಲ. ಚಿಮ್ಮಿದ ಕಾಲಿಗೆ ಬ್ರೇಕ್ ಹಾಕಬೇಕು, ಇಲ್ಲದಿದ್ದರೆ ಮಂಡಿಯೇ ಹೋಗುತ್ತದೆ. ಮರುಕ್ಷಣವೇ ಕಾಲನ್ನು ಹಿಂದಕ್ಕೆ ಸೆಳೆದುಕೊಳ್ಳಬೇಕು. ಒದ್ದಷ್ಟೇ ವೇಗವಾಗಿ ವಾಪಸು ತಾ ಅಂತ ಪ್ರತಿಯೊಬ್ಬ ಕರಾಟೆ ಮಾಸ್ಟರೂ ಕೂಗುವುದು ಈ ಸ್ನಾಯುವಿಗೇ! ಬಾವಿಗೆ ಕೊಡ ಇಳಿಬಿಡುವವರು ಹಗ್ಗವನ್ನು ಬಿಗಿಹಿಡಿದೇ ಬಿಡುತ್ತ ಹೋಗುತ್ತಾರಲ್ಲ, ಹಾಗೆ ಇದು ಬಿಗಿಯುತ್ತಲೇ ಉದ್ದವಾಗಬೇಕು. ಸ್ನಾಯುವಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಇದೇ ಆಸ್ಕ್ಲಿಂಗ್ ತಂಡ 2007ರಲ್ಲಿ ಇನ್ನೊಂದು ಅಚ್ಚರಿಯನ್ನು ಹೊರಗೆ ಹಾಕಿತ್ತು. ವೇಗದ ಓಟಗಾರರನ್ನೂ ನರ್ತಕರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಓಟಗಾರರಿಗೆ ಗಾಯವಾದದ್ದು ಹೊರಬದಿಯ ಬೈಸೆಪ್ಸ್ ಫೆಮೊರಿಸ್‌ನಲ್ಲಿ, ಪೂರ್ತಿ ವೇಗದಲ್ಲಿ ಓಡುವಾಗ. ನರ್ತಕರಿಗೆ ಒಳಬದಿಯ ಸೆಮಿಮೆಂಬ್ರನೋಸಸ್‌ನಲ್ಲಿ, ಕುಳಿತುಕೊಳ್ಳುವ ಮೂಳೆಯ ಹತ್ತಿರ, ನಿಧಾನವಾಗಿ ಕಾಲು ಚಾಚುವಾಗ. ಮೊದಮೊದಲು ಓಟಗಾರರೇ ಹೆಚ್ಚು ಒದ್ದಾಡಿದರು, ನರ್ತಕರದ್ದು ಸಣ್ಣ ಗಾಯದಂತೆ ಕಂಡಿತು. ಆದರೆ ಹಳೆಯ ಮಟ್ಟಕ್ಕೆ ಮರಳಲು ಓಟಗಾರರಿಗೆ ಹಿಡಿದದ್ದು ಮಧ್ಯಮ ಲೆಕ್ಕದಲ್ಲಿ 16 ವಾರ, ನರ್ತಕರಿಗೆ 50 ವಾರ! ಎತ್ತರಕ್ಕೆ ಒದೆಯುವಾಗ ಆಗುವ ಗಾಯ ಹೆಚ್ಚಾಗಿ ಈ ನರ್ತಕರ ಜಾತಿಯದು. ಸಣ್ಣದೆಂದು ಕಾಣುವುದು, ತಿಂಗಳುಗಟ್ಟಲೆ ಬೆನ್ನು ಬಿಡದಿರುವುದು. ಹದಿನೈದು ದಿನದಲ್ಲಿ ಸರಿಹೋಗುತ್ತೆ ಅಂತ ಪಕ್ಕದ ಮನೆಯ ಕ್ರಿಕೆಟ್ ಆಡುವ ಹುಡುಗನ ಉದಾಹರಣೆ ಕೊಡುವವರು ಇದನ್ನು ಗಮನಿಸಬೇಕು. ಅವನ ಗಾಯ ಬೇರೆ ಜಾತಿಯದಿರಬಹುದು.

ಇನ್ನು ಒಳಕ್ಕೆ ಇಳಿಯೋಣ. ಸ್ನಾಯು ಹರಿದ ಜಾಗದಲ್ಲಿ ಹೊಸ ಎಳೆ ಹುಟ್ಟುವುದು ಹೇಗೆ? 1961ರಲ್ಲಿ ಅಲೆಕ್ಸಾಂಡರ್ ಮೌರೊ ಎಂಬ ವಿಜ್ಞಾನಿ ಕಪ್ಪೆಯ ಸ್ನಾಯುವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಪ್ರತಿ ಎಳೆಯ ಅಂಚಿಗೆ ಒತ್ತಿಕೊಂಡು ಮಲಗಿರುವ ಪುಟ್ಟ ಕೋಶಗಳು ಕಂಡವು. ಸ್ಯಾಟಲೈಟ್ ಕೋಶ ಅಂತ ಅವಕ್ಕೆ ಹೆಸರಾಯಿತು. ವರ್ಷಗಟ್ಟಲೆ ಏನೂ ಮಾಡದೆ ಮಲಗಿರುತ್ತವೆ. ಸ್ನಾಯು ಹರಿದ ಕೂಡಲೇ ಎಚ್ಚರಾಗಿ, ಒಂದು ಎರಡಾಗಿ ಎರಡು ನಾಲ್ಕಾಗಿ, ಹರಿದ ಜಾಗಕ್ಕೆ ಸೇರಿ ಹೊಸ ಎಳೆ ಕಟ್ಟುತ್ತವೆ! ನಮ್ಮ ತೊಡೆಯೊಳಗೆ, ಈ ಕ್ಷಣದಲ್ಲಿ, ಕರೆ ಬರಲಿ ಅಂತ ಕಾಯುತ್ತ ಇವು ಮಲಗಿವೆ. ಇದನ್ನು ತಿಳಿದ ಮೇಲೆ ನನ್ನ ಕಾಲನ್ನು ನಾನು ನೋಡುವ ರೀತಿಯೇ ಬದಲಾಯಿತು.

ಹಾಗಿದ್ದರೆ ಮತ್ತೆ ಮತ್ತೆ ಹರಿಯುವುದು ಯಾಕೆ? ಆಸ್ಟ್ರೇಲಿಯಾದ ಡೇವಿಡ್ ಓಪಾರ್ ಮತ್ತು ಸಂಗಡಿಗರು, ಹಿಂದೆ ಗಾಯವಾಗಿ ಈಗ ಪೂರ್ತಿ ಆಟಕ್ಕೆ ಮರಳಿರುವವರ ತೊಡೆಗೆ ವಿದ್ಯುತ್ ಸಂಕೇತ ಅಳೆಯುವ ಪಟ್ಟಿಗಳನ್ನು ಅಂಟಿಸಿ ನೋಡಿದರು. ಸ್ನಾಯು ಗಿಡ್ಡವಾಗುತ್ತ ಬಲ ಹಾಕುವಾಗ ಎರಡೂ ಕಾಲು ಸಮ. ಉದ್ದವಾಗುತ್ತ ಬಲ ಹಾಕುವಾಗ, ಅಂದರೆ ಆ ಬಾವಿ ಹಗ್ಗದ ಕೆಲಸದಲ್ಲಿ, ಹಳೇ ಗಾಯದ ಬೈಸೆಪ್ಸ್ ಫೆಮೊರಿಸ್‌ಗೆ ಬರುತ್ತಿದ್ದ ಸಂಕೇತವೇ ಕಮ್ಮಿ! ಗಾಯ ವಾಸಿಯಾಗಿ ತಿಂಗಳುಗಳು ಕಳೆದಿವೆ, ಎಳೆಗಳು ಕೂಡಿಕೊಂಡಿವೆ, ಆದರೂ ನರಮಂಡಲ ಆ ಸ್ನಾಯುವಿಗೆ ಪೂರ್ತಿ ಅಪ್ಪಣೆ ಕೊಡುತ್ತಿಲ್ಲ. ಕಾಪಾಡಲೆಂದು ಹಾಕಿದ ತಡೆಯನ್ನು ತೆಗೆದೇ ಇಲ್ಲ. ಪೂರ್ತಿ ಅಪ್ಪಣೆ ಸಿಗದ ಸ್ನಾಯು ಉದ್ದವಾದ ಸ್ಥಿತಿಯಲ್ಲಿ ಪೂರ್ತಿ ದುಡಿಯುವುದಿಲ್ಲ. ದುಡಿಯದ ಸ್ನಾಯು ಸೊರಗುತ್ತದೆ, ಅದರ ಎಳೆಗಳು ಗಿಡ್ಡವಾಗುತ್ತವೆ. ಗಿಡ್ಡವಾದ ಎಳೆ ಎತ್ತರದ ಕಿಕ್‌ನಲ್ಲಿ ಬೇಗ ತನ್ನ ಮಿತಿ ಮುಟ್ಟುತ್ತದೆ. ಮರುಗಾಯಕ್ಕೆ ಅವರು ಕೊಟ್ಟ ವಿವರಣೆ ಇದು.

ಓದುಗರೇ, ಇದರ ಅರ್ಥ ಏನೆಂದು ಒಮ್ಮೆ ಯೋಚಿಸಿ! ಕಿಕ್ ಮಧ್ಯದಲ್ಲಿ ತಾನಾಗಿ ಕೆಳಗಿಳಿದ ಆ ಕಾಲು ಪುಕ್ಕಲುತನ ತೋರಿಸಿದ್ದಲ್ಲ. ಸ್ಕ್ಯಾನ್‌ಗೂ ಕಾಣದ, ಕೈಯಲ್ಲಿ ಒತ್ತಿದರೂ ಸಿಗದ ಒಂದು ಕೊರತೆಯನ್ನು ಅದು ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ ವರದಿ ಮಾಡುತ್ತಿತ್ತು. ಅಳುಕು ಒಂದು ಮಾಹಿತಿ. ಆಸ್ಕ್ಲಿಂಗ್ ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಮುಂದಿನ ಅಧ್ಯಯನಗಳಲ್ಲಿ ಕಾಲೆಸೆಯುವ ಪರೀಕ್ಷೆಯಲ್ಲಿ ಅಳುಕು ಉಳಿದಿರುವ ತನಕ ಆಟಗಾರನನ್ನು ಮೈದಾನಕ್ಕೆ ಬಿಡಲಿಲ್ಲ. ಇನ್ನೂ ಕೆಲವು ದಿನ ವ್ಯಾಯಾಮ ಮಾಡಿಸಿ ಮತ್ತೆ ಪರೀಕ್ಷೆ ಮಾಡಿದರು.

ಹಾಗಾದರೆ ಗಿಡ್ಡವಾದ ಎಳೆಯನ್ನು ಉದ್ದ ಮಾಡಬಹುದೇ? ಮಾಡಬಹುದು, ಇಲಿಗಳು ತೋರಿಸಿಕೊಟ್ಟವು! ಸ್ನಾಯುವಿನ ಒಂದೊಂದು ಎಳೆಯೂ ಸಾರ್ಕೋಮಿಯರ್ ಎಂಬ ಅತಿಸಣ್ಣ ಕೊಂಡಿಗಳ ಸಾಲು. ಒಂದು ಕೊಂಡಿ ಎರಡೂವರೆ ಮೈಕ್ರೊಮೀಟರಿನಷ್ಟು; ಹತ್ತು ಸೆಂಟಿಮೀಟರ್ ಉದ್ದದ ಎಳೆಯಲ್ಲಿ ಸುಮಾರು ನಲವತ್ತು ಸಾವಿರ ಕೊಂಡಿ. 1994ರಲ್ಲಿ ಆಸ್ಟ್ರೇಲಿಯಾದ ಲಿನ್ ಮತ್ತು ಮಾರ್ಗನ್ ಕೆಲವು ಇಲಿಗಳನ್ನು ಏರಿನಲ್ಲಿ ಓಡಿಸಿದರು, ಕೆಲವನ್ನು ಇಳಿಜಾರಿನಲ್ಲಿ. ಇಳಿಜಾರಿನಲ್ಲಿ ಓಡಿದ ಇಲಿಗಳ ಮುಂದೊಡೆಯ ಎಳೆಗಳಲ್ಲಿ ಕೊಂಡಿಗಳ ಸಂಖ್ಯೆ ಹೆಚ್ಚಾಗಿತ್ತು. ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಾಕಬೇಕಲ್ಲ, ಅದಕ್ಕೆ ದೇಹ ಕೊಂಡಿಗಳನ್ನೇ ಸೇರಿಸಿ ಸಾಲನ್ನು ಉದ್ದ ಮಾಡಿಕೊಂಡಿತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬಂದರೂ ಮಾರನೇ ದಿನ ತೊಡೆ ಹಿಡಿದುಕೊಳ್ಳುವುದು ಇಳಿದ ಕಾರಣಕ್ಕೆ. ಅದೇ ಬ್ರೇಕಿನ ಕೆಲಸ!

ತೊಡೆಯ ಹಿಂಭಾಗಕ್ಕೆ ಈ ಕೆಲಸ ಕೊಡಲು ನಾರ್ಡಿಕ್ ಎಂಬ ವ್ಯಾಯಾಮವಿದೆ. ಮಂಡಿಯೂರಿ ಕೂತು, ಹಿಂದಿನಿಂದ ಯಾರಾದರೂ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಮೈಯನ್ನು ನೆಟ್ಟಗಿಟ್ಟು ಮೆಲ್ಲಗೆ ಮುಂದಕ್ಕೆ ಬಾಗುತ್ತ ಹೋಗುವುದು. ಹಿಡಿತ ತಪ್ಪಿದಾಗ ಕೈಯೂರುವುದು. ಅಷ್ಟೇ. ಡೆನ್ಮಾರ್ಕಿನಲ್ಲಿ 942 ಫುಟ್‌ಬಾಲ್ ಆಟಗಾರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದವರಲ್ಲಿ ಮರುಗಾಯದ ಪ್ರಮಾಣ ಮಾಡದವರ ಏಳರಲ್ಲಿ ಒಂದು ಪಾಲಿಗೆ ಇಳಿಯಿತು! ಸಲಕರಣೆ ಬೇಡ, ಖರ್ಚಿಲ್ಲ, ಹಿಮ್ಮಡಿ ಹಿಡಿಯಲು ಮನೆಯವರೊಬ್ಬರು ಸಾಕು.

ಆದರೆ ಹಳೇ ಗಾಯದವನು ಮೊದಲ ದಿನವೇ ನಾರ್ಡಿಕ್‌ಗೆ ಇಳಿಯುವಂತಿಲ್ಲ, ಅದು ಬಲು ಒರಟು. ನನಗೆ ಫಿಸಿಯೋಥೆರಪಿ ಮೇಡಂ ಮೊದಲು ಕೊಟ್ಟದ್ದು ಆಸ್ಕ್ಲಿಂಗ್‌ರ ಮೂರು ವ್ಯಾಯಾಮ. ಅದರಲ್ಲಿ ಗ್ಲೈಡರ್ ಎನ್ನುವುದನ್ನು ಮನೆಯ ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಮಾಡುತ್ತಿದ್ದೆ. ಕಿಟಕಿಯ ಸರಳು ಹಿಡಿದು, ಹಳೇ ಗಾಯದ ಕಾಲನ್ನು ಮುಂದಿಟ್ಟು ಭಾರವೆಲ್ಲ ಅದರ ಹಿಮ್ಮಡಿಗೆ ಕೊಡಬೇಕು. ಇನ್ನೊಂದು ಕಾಲಿಗೆ ಸವೆದ ಕಾಲುಚೀಲ. ಆ ಕಾಲು ಹಿಂದಕ್ಕೆ ಜಾರುತ್ತ ಜಾರುತ್ತ ಹೋದಂತೆ ಮುಂದಿನ ತೊಡೆಯ ಹಿಂಭಾಗ ಬೆರಳಗಲ, ಎರಡು ಬೆರಳಗಲ ಬಿಚ್ಚಿಕೊಳ್ಳುತ್ತದೆ. ನೋವು ಬರುವ ಮುಂಚೆ ನಿಲ್ಲಿಸಬೇಕು, ಕೈಬಲದಲ್ಲೇ ವಾಪಸು ಬರಬೇಕು. “ಎಲ್ಲಿ ನಿಲ್ಲಿಸಿದ್ರಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ,” ಅಂದಿದ್ದರು ಮೇಡಂ. ಹಾಕಿದೆ. ಕೆಂಪು ನೆಲದ ಮೇಲೆ ಬಿಳಿ ಗೆರೆಗಳು ಹಿಂದೆ ಹಿಂದೆ ಸರಿಯುತ್ತ ಹೋದವು! ಕಾಲು ಸರಿಹೋಗುತ್ತಿದೆ ಅಂತ ಯಾರೋ ಹೇಳಿ ನಂಬುವುದು ಬೇರೆ. ನೆಲದ ಮೇಲೆ ಬರೆದಿರುವುದನ್ನು ಕಣ್ಣಾರೆ ನೋಡುವುದು ಬೇರೆ. ಸ್ವೀಡನ್ನಿನ 75 ಮಂದಿ ಅಗ್ರ ಫುಟ್‌ಬಾಲ್ ಆಟಗಾರರಲ್ಲಿ, ಹೀಗೆ ಸ್ನಾಯುವನ್ನು ಉದ್ದ ಮಾಡುತ್ತ ಭಾರ ಹಾಕಿದವರು ಸರಾಸರಿ 28 ದಿನಕ್ಕೆ ಮರಳಿದರು, ಮಾಮೂಲಿ ವ್ಯಾಯಾಮ ಮಾಡಿದವರು 51 ದಿನಕ್ಕೆ. ಅಂದಹಾಗೆ, ಪೂರ್ಣ ವಿಶ್ರಾಂತಿಯ ಬಗ್ಗೆಯೂ ಒಂದು ಮಾತು: 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಐವತ್ತು ಹವ್ಯಾಸಿ ಆಟಗಾರರಲ್ಲಿ ನೋಡಿದಾಗ, ಗಾಯವಾದ ಎರಡನೇ ದಿನಕ್ಕೇ ಹದವಾದ ವ್ಯಾಯಾಮ ಶುರುಮಾಡಿದವರು ಒಂಬತ್ತನೇ ದಿನಕ್ಕೆ ಶುರುಮಾಡಿದವರಿಗಿಂತ ಸುಮಾರು ಇಪ್ಪತ್ತು ದಿನ ಮೊದಲೇ ಆಟಕ್ಕೆ ಮರಳಿದ್ದರು.

ಮೈಸೂರಿನ ಹಳೇ ಗರಡಿಯೊಂದಕ್ಕೆ ಈ ನಡುವೆ ಹೋಗಿದ್ದೆ. ಹೊಸ ಕಣ್ಣಿನಿಂದ ನೋಡಿದೆ ಅನ್ನಬೇಕು. ಪೈಲ್ವಾನರು ಕುಸ್ತಿಗೆ ಮುಂಚೆ ಗುದ್ದಲಿ ಹಿಡಿದು ಮಟ್ಟಿಯ ಕೆಮ್ಮಣ್ಣನ್ನು ತಾವೇ ಅಗೆದು ಹದ ಮಾಡುತ್ತಾರೆ. ಸೊಂಟದಿಂದ ಬಾಗಿ, ಮಂಡಿ ತುಸುವೇ ಮಡಚಿ, ಎಳೆದು, ಎದ್ದು, ಮತ್ತೆ ಬಾಗಿ. ಪ್ರತಿ ಬಾಗಿಗೂ ತೊಡೆಯ ಹಿಂಭಾಗ ಉದ್ದವಾಗುತ್ತ ಮೈಯ ಭಾರ ಹೊರುತ್ತಿತ್ತು! ನಾನು ಅವರ ಕೈ ನೋಡಲಿಲ್ಲ, ಗುದ್ದಲಿ ನೋಡಲಿಲ್ಲ, ತೊಡೆಯನ್ನೇ ನೋಡುತ್ತ ನಿಂತಿದ್ದೆ.

ಸರಿ, ಎಳೆ ಉದ್ದವಾಯಿತು, ಬಲ ಬಂತು. ಧೈರ್ಯ?

ಇಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನೆನಪಾಗುತ್ತಾರೆ. ಹಾವೆಂದರೆ ನಡುಗುವವರನ್ನು ಕರೆತಂದು 1970ರ ದಶಕದಲ್ಲಿ ಪ್ರಯೋಗ ಮಾಡಿದವರು ಅವರು. ಇನ್ನೊಬ್ಬರು ಹಾವು ಮುಟ್ಟುವುದನ್ನು ನೋಡಿದವರಿಗೆ ಸ್ವಲ್ಪ ಧೈರ್ಯ ಬಂತು; ಹಂತ ಹಂತವಾಗಿ ತಾವೇ ಹಾವಿನ ಹತ್ತಿರ ಹೋಗಿ, ಮುಟ್ಟಿ, ಹಿಡಿದವರಿಗೆ ಎಲ್ಲಕ್ಕಿಂತ ಹೆಚ್ಚು. ಸ್ವತಃ ಮಾಡಿ ಗೆದ್ದ ಅನುಭವಕ್ಕೆ ಸಾಟಿಯಾದ ಧೈರ್ಯದ ಮೂಲ ಇನ್ನೊಂದಿಲ್ಲ ಅಂತ 1977ರಲ್ಲಿ ಅವರು ಬರೆದರು. ಅಂಥ ಮೂಲಗಳ ಪಟ್ಟಿಯಲ್ಲಿ ಉಪದೇಶ ಎಷ್ಟೋ ಕೆಳಗೆ. ‘ಹೆದರಬೇಡ’ ಅನ್ನುವ ಮಾತಿನಿಂದ ಯಾವ ಕಾಲೂ ಮೇಲೇಳುವುದಿಲ್ಲ!

ಇದಕ್ಕಿಂತ ದೊಡ್ಡ ಅಚ್ಚರಿ ಇನ್ನೊಂದಿದೆ. ಭಯ ಅಳಿಸಿಹೋಗುವುದಿಲ್ಲ. ಕಲಿತ ಪ್ರತಿಕ್ರಿಯೆ ಮರೆಯಾದಂತೆ ಕಂಡರೂ ಒಂದಿಷ್ಟು ವಿರಾಮದ ಬಳಿಕ ತಾನಾಗಿ ತಲೆ ಎತ್ತುವುದನ್ನು ಪಾವ್ಲೊವ್ ತನ್ನ ನಾಯಿಗಳಲ್ಲೇ ಕಂಡಿದ್ದ. ಅಮೆರಿಕದ ಮಾರ್ಕ್ ಬೌಟನ್ ದಶಕಗಳ ಕಾಲ ತೋರಿಸಿಕೊಟ್ಟದ್ದೂ ಇದನ್ನೇ: ಹಳೇ ಭಯದ ಪಕ್ಕದಲ್ಲಿ ‘ಇಲ್ಲಿ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಕೂರುತ್ತದೆ, ಮತ್ತು ಆ ಹೊಸ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಮನೆಯ ಹಜಾರದಲ್ಲಿ ಸಲೀಸಾಗಿ ಎದ್ದ ನನ್ನ ಕಾಲು ತರಗತಿಯಲ್ಲಿ ಯಾಕೆ ನಿಂತುಬಿಡುತ್ತಿತ್ತು ಅನ್ನುವುದಕ್ಕೆ ಉತ್ತರ ಸಿಕ್ಕಿತು! ಹಜಾರದಲ್ಲಿ ಸಂಪಾದಿಸಿದ ಧೈರ್ಯ ಹಜಾರದ್ದು. ತರಗತಿಯದನ್ನು ತರಗತಿಯಲ್ಲೇ ಸಂಪಾದಿಸಬೇಕು, ಸುಸ್ತಾದಾಗಿನದನ್ನು ಸುಸ್ತಾದಾಗ, ಎದುರಾಳಿಯ ಮುಂದಿನದನ್ನು ಎದುರಾಳಿಯ ಮುಂದೆ.

ನಮ್ಮ ಮಾಸ್ಟರ್‌ಗೆ ಇದನ್ನೆಲ್ಲ ವಿವರಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಕಿಕ್ ಪ್ಯಾಡ್ ತಂದು ನನ್ನ ಮಂಡಿ ಮಟ್ಟಕ್ಕೆ ಹಿಡಿದರು.

“ಒದಿ.”

ಒದ್ದೆ. ಕಾಲು ಹಾರಿ ಹೋಗಿ ಹಾರಿ ಬಂತು.

ಪ್ಯಾಡ್ ಗೇಣುದ್ದ ಮೇಲೇರಿತು. ಒದ್ದೆ. ಸೊಂಟದ ಮಟ್ಟಕ್ಕೆ ಬಂದಾಗ ಅವರು ಪ್ಯಾಡ್ ಇಳಿಸಿ ನನ್ನ ಮುಖ ನೋಡಿದರು. “ಈಗ ಉಸಿರು ಕಟ್ಟಿದೆ ನೋಡು. ಕಾಲಲ್ಲಿ ಏನೂ ಆಗಿಲ್ಲ, ಮಂಡಿ ಏಳೋ ಮುಂಚೇನೇ ಉಸಿರು ಕಟ್ತಾ ಇದೀಯ.”

“ಹೌದು ಮಾಸ್ಟರ್.”

“ಹಂಗಿದ್ರೆ ಇವತ್ತು ನಿನ್ನ ಎತ್ತರ ಇಷ್ಟೇ. ಉಸಿರು ಬಿಟ್ಟುಕೊಂಡು ಒದೆಯೋಕೆ ಬರೋ ತನಕ ಪ್ಯಾಡ್ ಮೇಲೆ ಹೋಗಲ್ಲ.”

ಎಂಥ ಅಳತೆಗೋಲು! ಕರಾಟೆಯ ಕಿಯಾಯ್ ಕೂಗಿಗೆ ಉಸಿರು ಹೊರಗೆ ಬರಲೇಬೇಕು. ಉಸಿರು ಕಟ್ಟಿದವನಿಗೆ ಕೂಗಲು ಬರುವುದಿಲ್ಲ. ಅಂದಿನಿಂದ ಪ್ಯಾಡಿನ ಎತ್ತರವನ್ನು ನನ್ನ ಕೂಗೇ ತೀರ್ಮಾನಿಸಿತು. ಮೊದಲು ನಿಂತ ಪ್ಯಾಡ್, ಆಮೇಲೆ ಓಡಾಡುವ ಪ್ಯಾಡ್. ಆಮೇಲೆ ತರಗತಿಯ ಕೊನೆಯಲ್ಲಿ, ತೊಡೆ ದಣಿದಿರುವಾಗ. ಆಮೇಲೆ ಪರಿಚಯದ ಜೊತೆಗಾರ, ಅವನು ಎತ್ತ ಸರಿಯುತ್ತಾನೆಂದು ಮೊದಲೇ ಗೊತ್ತು. ಕೊನೆಗೆ ಏನೂ ಗೊತ್ತಿಲ್ಲದ ಕುಮಿತೆ, ಅಂದರೆ ಎದುರಾಳಿಯೊಡನೆ ಕಾದಾಟ. ಒಂದು ಸಂಜೆ ಎದುರಿಗಿದ್ದ ಹುಡುಗಿ ಎಡಕ್ಕೆ ಸರಿದಳು, ನನ್ನ ಬಲಗಾಲು ಅವಳ ಎದೆ ಮಟ್ಟಕ್ಕೆ ಹೋಗಿ ಗಾರ್ಡ್ ಮುಟ್ಟಿ ಹಿಂದಕ್ಕೆ ಬಂದಿತ್ತು. ಯಾವ ಕಾಲು ಅನ್ನುವುದು ನನಗೆ ಹೊಳೆದದ್ದು ಕಾಲು ನೆಲ ಮುಟ್ಟಿದ ಮೇಲೆ!

ಮಧ್ಯೆ ಭಯ ಮರಳಿ ಬರಲಿಲ್ಲವೇ? ಬಂತು. ಊರಿಗೆ ಹೋಗಿ ಅಭ್ಯಾಸ ತಪ್ಪಿದಾಗಲೆಲ್ಲ ಬಂತು. ಪಾವ್ಲೊವ್‌ನ ನಾಯಿಗಳಿಗೆ ಆದದ್ದೇ ನನಗೂ ಆಗುತ್ತಿದೆ ಅಂತ ಗೊತ್ತಿದ್ದುದರಿಂದ ಗಾಬರಿಯಾಗಲಿಲ್ಲ. ಪ್ಯಾಡನ್ನು ಒಂದು ಗೇಣು ಇಳಿಸಿ ಮತ್ತೆ ಅಲ್ಲಿಂದ ಶುರುಮಾಡಿದೆವು. ಪ್ರತಿ ಸಲ ಹಿಂದಿನದಕ್ಕಿಂತ ಬೇಗ ಮೇಲೇರಿತು.

ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಗಾಯದಿಂದ ಮರಳಿದ ವಿದ್ಯಾರ್ಥಿಯ ಕಾಲು ಅರ್ಧದಲ್ಲಿ ಇಳಿದರೆ ಎಲ್ಲರೆದುರು ಗದರಬೇಡಿ. ಯಾವ ಎತ್ತರದಲ್ಲಿ ಇಳಿಯಿತು ಅಂತ ಗುರುತು ಮಾಡಿಕೊಳ್ಳಿ, ಅಲ್ಲಿಂದ ಕೆಲಸ ಶುರುಮಾಡಿ. ಕಲಿಯುವವರಲ್ಲಿ ಇನ್ನೊಂದು. ಒದೆಯುವಾಗ ‘ಪಟ್’ ಎಂದು ಸದ್ದಾಗಿ, ತೊಡೆಯ ಹಿಂದೆ ನೀಲಿಗಟ್ಟಿ, ನಡೆಯಲೂ ಕಷ್ಟವಾದರೆ ಇಲ್ಲಿ ಬರೆದ ಯಾವ ವ್ಯಾಯಾಮವನ್ನೂ ಮಾಡದೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ. ಸ್ನಾಯುಬಂಧವೇ ಮೂಳೆಯಿಂದ ಕಿತ್ತು ಬಂದಿರಬಹುದು, ಅದರ ದಾರಿಯೇ ಬೇರೆ. ಉಳಿದವರು ಫಿಸಿಯೋಥೆರಪಿಸ್ಟ್ ಕಣ್ಣೆದುರು ಶುರುಮಾಡಿ, ಕಾಲು ಚೆನ್ನಾಗಿದೆ ಅನ್ನಿಸಿದಾಗಲೂ ಬಿಡಬೇಡಿ. ಉದ್ದವಾದ ಎಳೆಗಳು ಕೆಲವೇ ವಾರ ಅಭ್ಯಾಸ ತಪ್ಪಿದರೂ ಮತ್ತೆ ಗಿಡ್ಡವಾಗತೊಡಗುತ್ತವೆ. ನಾರ್ಡಿಕ್ ಮಾಡಿದ ಡೆನ್ಮಾರ್ಕಿನ ಆ ಫುಟ್‌ಬಾಲ್ ಆಟಗಾರರು ಮೊದಲ ಹತ್ತು ವಾರದ ನಂತರ ಮಾಡುತ್ತಿದ್ದದ್ದು ವಾರಕ್ಕೆ ಒಂದೇ ಸಲ, ಅಷ್ಟು ಸಾಕಾಯಿತು.